ಕೂದಲೆಳೆಯಷ್ಟು ಮೇಲಿನ ಸ್ವರ

ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟ ಕೂಡಲೇ ಒಳಗೆ ಏನೋ ಜಾರಿದ ಸದ್ದಾಯಿತು. ಎತ್ತಿ ಇನ್ನೊಂದು ಬದಿಗೆ ವಾಲಿಸಿದೆ. ಮತ್ತೆ ಜಾರಿತು, ಈ ಸಲ ಎರಡು ಮೂರು ತುಂಡು ಒಟ್ಟಿಗೆ. ಎದುರು ನಿಂತಿದ್ದ ವಿದೇಶಿ ಮುದುಕರು ಕಣ್ಣು ಮುಚ್ಚಿಕೊಂಡರು. ಪಕ್ಕದಲ್ಲಿದ್ದ ಹುಡುಗಿ, "ಮಾಸ್ತರ್ರೆ, ಹಾಂಗೆ ಅಲ್ಲಾಡಿಸ್ಬೇಡ್ರಾ. ಅವ್ರಿಗೆ ಎದೆ ಹೊಡ್ಕಂತದೆ" ಎಂದಳು.

ಕುಮಟಾ ಪೇಟೆಯಲ್ಲಿ ನನ್ನದು ಹಾರ್ಮೋನಿಯಂ ರಿಪೇರಿಯ ಅಂಗಡಿ. ಭಜನಾ ಮಂಡಳಿಯವರು, ಸಂಗೀತ ಕಲಿಸುವವರು, ಶ್ರುತಿಪೆಟ್ಟಿಗೆ ಇಟ್ಟುಕೊಂಡ ಭಾಗವತರು ನನ್ನ ಗಿರಾಕಿಗಳು. ಇವರು ತಂದದ್ದು ಅಕಾರ್ಡಿಯನ್. ಎದೆಗೆ ಕಟ್ಟಿಕೊಂಡು, ನಡುವಿನ ತಿದಿಯನ್ನು ಎರಡೂ ಕೈಯಿಂದ ಹಿಗ್ಗಿಸಿ ಕುಗ್ಗಿಸಿ ನುಡಿಸುವ ವಾದ್ಯ. ಹಾರ್ಮೋನಿಯಮ್ಮಿನಂತೆ ಬಿಳಿ ಕಪ್ಪು ಮನೆಗಳಿಲ್ಲ, ಬರೀ ಗುಂಡಿಗಳು. ಅಂಥದೊಂದನ್ನು ನಾನು ಅಲ್ಲಿಯವರೆಗೆ ಬಿಚ್ಚಿ ನೋಡಿರಲಿಲ್ಲ. ಹಾಗೆಂದು ಹೇಳುವಷ್ಟು ದೊಡ್ಡ ಮನಸ್ಸೂ ನನಗಿರಲಿಲ್ಲ.

ಹುಡುಗಿ ಹೊನ್ನಾವರದ ಕ್ರಿಶ್ಚಿಯನ್ ಮನೆಯವಳು. ಐರ್ಲೆಂಡಿನ ಆಸ್ಪತ್ರೆಯೊಂದರಲ್ಲಿ ನರ್ಸ್. ಮುದುಕರು ಅವಳಿಗೆ ಮಾವನಾಗಬೇಕಾದವರು. ಶನಿವಾರ ಹೊನ್ನಾವರದ ಇಗರ್ಜಿಯಲ್ಲಿ ಮದುವೆ. ಅದು ಮುಗಿದ ಮೇಲೆ ಸಭಾಗೃಹದಲ್ಲಿ ಮುದುಕರು ಈ ಪೆಟ್ಟಿಗೆಯಲ್ಲಿ ಒಂದು ಮಟ್ಟು ನುಡಿಸಬೇಕು, ಮಗ ಸೊಸೆ ಅದಕ್ಕೆ ಕುಣಿಯಬೇಕು. ಆ ಮಟ್ಟನ್ನು ಮುದುಕರೂ ಅವರ ಹೆಂಡತಿಯೂ ಸೇರಿ, ಈ ಮಗ ಹುಟ್ಟಿದಾಗ ಕಟ್ಟಿದ್ದಂತೆ. ಹೆಂಡತಿ ಈಗಿಲ್ಲ. ಮುದುಕರು ಇಷ್ಟು ದೂರ ಬಂದದ್ದೇ ಅದನ್ನು ನುಡಿಸಲಿಕ್ಕೆ. ಊರಿಗೆ ಕರೆತರುವಾಗ ಹುಡುಗಿಯ ಚಿಕ್ಕಪ್ಪ ಹೊನ್ನಾವರದ ಮೀನು ಮಾರ್ಕೆಟ್ಟಿನ ಹತ್ತಿರ ಕಾರು ನಿಲ್ಲಿಸಿ, ಎಲ್ಲರನ್ನೂ ಸೋಡಾ ಕುಡಿಯಲು ಇಳಿಸಿ, ತಾವು ಇಸವಣ ಮೀನಿಗೆ ಚೌಕಾಸಿ ಮಾಡುತ್ತ ನಿಂತರಂತೆ. ಮೇ ತಿಂಗಳ ಮಧ್ಯಾಹ್ನ. ಪೆಟ್ಟಿಗೆ ಡಿಕ್ಕಿಯಲ್ಲಿತ್ತು. ಮನೆಗೆ ಹೋಗಿ ತೆಗೆದರೆ ಅರ್ಧ ಗುಂಡಿಗಳಿಗೆ ಸ್ವರವೇ ಇಲ್ಲ.

"ಮಾವ ಹೇಳ್ತಾರೆ, ಬಿದ್ದದ್ದನ್ನ ಅಂಟಿಸಿ ಕೊಟ್ರೆ ಸಾಕಂತೆ. ಉಳ್ದದ್ದು ಎಂತದೂ ಮುಟ್ಟೂದು ಬೇಡಂತೆ" ಎಂದಳು ಹುಡುಗಿ.

"ಆತು" ಎಂದೆ. ಈ ಮಾತನ್ನು ಎಲ್ಲ ಗಿರಾಕಿಗಳೂ ಹೇಳುತ್ತಾರೆ. ತಿದಿಗೆ ತೂತು ಬಿದ್ದಿದೆ, ಅಷ್ಟು ಮುಚ್ಚಿಕೊಡಿ ಸಾಕು ಎಂದು ತರುತ್ತಾರೆ. ನೋಡಿದರೆ ಸ್ವರಗಳೆಲ್ಲ ದಿಕ್ಕಾಪಾಲು. ಶ್ರುತಿ ಸೇರಿಸದೆ ಒಂದು ಪೆಟ್ಟಿಗೆಯೂ ನನ್ನ ಅಂಗಡಿಯ ಮೆಟ್ಟಿಲು ಇಳಿಯುವುದಿಲ್ಲ. ಇದು ನನ್ನ ಹಟ, ಹೆಂಡತಿಯ ಪ್ರಕಾರ ರೋಗ. ಎರಡು ಸ್ವರ ಸರಿಯಾಗಿ ಕೂಡದೆ ನಡುವೆ ವಾಂವ್ ವಾಂವ್ ಎಂದು ಅಲೆ ಎದ್ದರೆ ನನಗೆ ಚಪ್ಪಲಿಯೊಳಗೆ ಮರಳು ಹೊಕ್ಕ ಹಾಗೆ. ಮನೆಯ ಫ್ರಿಜ್ಜಿನ ಗುಂಯ್‌ಗೂ ಫ್ಯಾನಿನ ಗುಂಯ್‌ಗೂ ಹೊಂದುವುದಿಲ್ಲವೆಂದು ಉಣ್ಣುವಾಗ ಎದ್ದು ಹೋಗಿ ಫ್ಯಾನ್ ಆರಿಸಿ ಬಂದಿದ್ದೇನೆ. ಅವಳು ಬೆವರು ಒರೆಸಿಕೊಳ್ಳುತ್ತ ಉಂಡಿದ್ದಾಳೆ.

ಅವರು ಹೋಗುವಾಗ ಹುಡುಗಿಯನ್ನು ಕೇಳಿದೆ, "ಇವ್ರು ಎಂತ ಸಂಗೀತ ನುಡ್ಸೂದು?"

"ಕೆಲ್ಟಿಕ್ ಅಂತಾರೆ ಮಾಸ್ತರ್ರೆ. ಮೊಬೈಲಲ್ಲಿ ನೋಡಿ, ಸಿಗ್ತದೆ."

ನೋಡಿದೆ. ಮಂಜು ಮುಸುಕಿದ ಗುಡ್ಡ, ಪಾಳುಬಿದ್ದ ಕೋಟೆ, ಬಿಳಿ ನಿಲುವಂಗಿ ತೊಟ್ಟ ಹೆಂಗಸು ಬಾವಿಯೊಳಗೆ ನಿಂತು ಹಾಡಿದಂಥ ಧ್ವನಿ. ಒಂದರ ನಂತರ ಒಂದು ಅಂಥದೇ. ಅದರಲ್ಲಿ ಈ ಗುಂಡಿಪೆಟ್ಟಿಗೆ ಎಲ್ಲೂ ಕಾಣಲಿಲ್ಲ. ಮೊಬೈಲನ್ನು ಬದಿಗಿಟ್ಟು ಸ್ಕ್ರೂಡ್ರೈವರ್ ತೆಗೆದುಕೊಂಡೆ.

ಒಳಗಿನ ವ್ಯವಸ್ಥೆ ಅರ್ಥವಾಗಲು ಆ ಸಂಜೆ ಪೂರ್ತಿ ಹಿಡಿಯಿತು. ಹಾರ್ಮೋನಿಯಮ್ಮಿನಲ್ಲಿ ಗಾಳಿ ಒಂದೇ ದಿಕ್ಕಿನಲ್ಲಿ ಹರಿಯುತ್ತದೆ, ಒಂದು ಮನೆಗೆ ಒಂದು ಸ್ವರ. ಇದರಲ್ಲಿ ಒಂದೇ ಗುಂಡಿ ಒತ್ತಿ ತಿದಿಯನ್ನು ದೂಡಿದರೆ ಒಂದು ಸ್ವರ, ಎಳೆದರೆ ಇನ್ನೊಂದು ಸ್ವರ. ಮೊದಲು ಇದೂ ಹಾಳಾದದ್ದರ ಲಕ್ಷಣ ಎಂದುಕೊಂಡೆ. ಆಮೇಲೆ ನೋಡಿದರೆ ರಚನೆಯೇ ಹಾಗೆ. ಒಂದೊಂದು ತಗಡಿನ ಎರಡೂ ಮೈಗೆ ಒಂದೊಂದು ರೀಡು, ಅಂದರೆ ಉಕ್ಕಿನ ತೆಳು ನಾಲಗೆ. ಗಾಳಿ ಒಳಬಂದಾಗ ಒಂದು ನಡುಗುತ್ತದೆ, ಹೊರಹೋದಾಗ ಇನ್ನೊಂದು. ಪ್ರತಿ ಸ್ವರಕ್ಕೂ ಇಂಥ ಎರಡು ರೀಡು ಜೋಡಿಯಾಗಿ ನುಡಿಯುತ್ತವೆ. ನಮ್ಮಲ್ಲಿಯೂ ಡಬಲ್ ರೀಡಿನ ಪೆಟ್ಟಿಗೆ ಇರುವುದರಿಂದ ಅದು ನನಗೆ ಹೊಸತಾಗಿರಲಿಲ್ಲ. ತಗಡುಗಳನ್ನು ಮರದ ಪಟ್ಟಿಗೆ ಮೇಣದಲ್ಲಿ ಕೂರಿಸಿದ್ದರು. ಡಿಕ್ಕಿಯ ಕಾವಿಗೆ ಮೇಣ ಕರಗಿ ತಗಡುಗಳು ಜಾರಿದ್ದವು. ಕೆಲವು ಬುಡಕ್ಕೆ ಬಿದ್ದಿದ್ದವು.

ಮಂಗಳವಾರ ಮೇಣದ ಪಾಕದಲ್ಲೇ ಹೋಯಿತು. ಬರೀ ಜೇನುಮೇಣ ನಮ್ಮ ಸೆಕೆಗೆ ನಿಲ್ಲುವುದಿಲ್ಲ, ರಾಳ ಬೆರೆಸಬೇಕು. ಮೊದಲ ಸಲ ರಾಳ ಹೆಚ್ಚಾಗಿ, ಆರಿದ ಮೇಲೆ ಉಗುರಿನಿಂದ ತಟ್ಟಿದರೆ ಚೂರಾಗಿ ಉದುರಿತು. ಎರಡನೆಯ ಸಲ ಕಡಿಮೆಯಾಗಿ, ಬಿಸಿಲಿಗಿಟ್ಟ ತಗಡು ಮತ್ತೆ ಜಾರಿತು. ಮೂರನೆಯದು ಹದಕ್ಕೆ ಬಂತು. ಹಳೆಯ ಮೇಣ ಕೆರೆದು, ತುಕ್ಕು ಹಿಡಿದ ರೀಡುಗಳನ್ನು ಒರೆಸಿ, ಒಂದೊಂದೇ ತಗಡನ್ನು ಪುಟ್ಟ ಚಮಚದಿಂದ ಮೇಣ ಹುಯ್ದು ಕೂರಿಸುತ್ತ ಹೋದೆ. ಮುದುಕರು ಕೇಳಿದ್ದು ಇಷ್ಟನ್ನೇ. ಇಲ್ಲಿಗೆ ನಿಲ್ಲಿಸಿದ್ದರೆ ಈ ಬರಹದ ಪ್ರಸಂಗವೇ ಬರುತ್ತಿರಲಿಲ್ಲ.

ಬುಧವಾರ ಶ್ರುತಿ ನೋಡಲು ಕುಳಿತೆ. ಒಂದು ಜೋಡಿಯನ್ನು ನುಡಿಸಿದರೆ ಅಲೆ. ಇನ್ನೊಂದಕ್ಕೂ ಅಲೆ. ಎಲ್ಲದರಲ್ಲೂ ಮೊದಲ ರೀಡು ಸರಿಯಾಗಿ ಸ್ವರದ ಮೇಲೆ, ಎರಡನೆಯದು ಕೂದಲೆಳೆಯಷ್ಟು ಮೇಲೆ. ಕಾವಿಗೆ, ತುಕ್ಕಿಗೆ ಹೀಗಾಗಿದೆ ಎಂದುಕೊಂಡೆ. ತುಕ್ಕಿಗೆ ಅಷ್ಟೊಂದು ಶಿಸ್ತು ಎಲ್ಲಿಂದ ಬಂತು, ಎಲ್ಲ ಜೋಡಿಯಲ್ಲೂ ಎರಡನೆಯದೇ ಏಕೆ ಏರಿದೆ ಎಂಬ ಪ್ರಶ್ನೆ ಏಳಬೇಕಿತ್ತು. ಏಳಲಿಲ್ಲ. ನನ್ನ ಕೈ ಆಗಲೇ ಅರದ ಮೇಲಿತ್ತು.

ರೀಡಿನ ತುದಿ ಕೆರೆದರೆ ಸ್ವರ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ. ಎರಡನೆಯ ರೀಡುಗಳ ಬುಡವನ್ನು ಒಂದೊಂದಾಗಿ ಕೆರೆಯುತ್ತ ಹೋದೆ. ಪರೀಕ್ಷೆಯ ತಿದಿಯ ಮೇಲೆ ಸರಿಯಾದದ್ದು ಪೆಟ್ಟಿಗೆಯೊಳಗೆ ಕೂತ ಮೇಲೆ ತುಸು ಬದಲಾಗುತ್ತಿತ್ತು. ಆಗ ಮತ್ತೆ ಬಿಚ್ಚಿ, ಮತ್ತೆ ಕೆರೆದು, ಮತ್ತೆ ಕೂರಿಸುವುದು. ಹೆಂಡತಿ ಎರಡು ಸಲ ಬಂದು, "ಎಂತ ಮಾಡ್ಕಂಡ್ ಕೂತೀರಿ, ಊಟ ಆರ್ತದೆ" ಎಂದು ಹೋದಳು. ಸಂಜೆಯ ಹೊತ್ತಿಗೆ ಒಂದು ಅಲೆಯೂ ಉಳಿಯಲಿಲ್ಲ. ಯಾವ ಗುಂಡಿ ಒತ್ತಿದರೂ ಸ್ವರ ಗೆರೆ ಎಳೆದ ಹಾಗೆ ನೆಟ್ಟಗೆ. ನನಗೆ ನನ್ನ ಮೇಲೆಯೇ ಪ್ರೀತಿ ಉಕ್ಕಿತು.

ಗುರುವಾರ ಬೆಳಿಗ್ಗೆ ಇಬ್ಬರೂ ಬಂದರು. ಎಲ್ಲ ಗುಂಡಿಗಳೂ ಮಾತಾಡುವುದನ್ನು ನೋಡಿ ಮುದುಕರ ಮುಖ ಅರಳಿತು. ಪಟ್ಟಿಯನ್ನು ಹೆಗಲಿಗೆ ಹಾಕಿಕೊಂಡು ನುಡಿಸಲು ತೊಡಗಿದರು. ನಾಲ್ಕಾರು ಸ್ವರ ನುಡಿಸಿ ನಿಂತರು. ಮತ್ತೆ ತೊಡಗಿದರು, ಮತ್ತೆ ನಿಂತರು. ಒಂದೇ ಸ್ವರವನ್ನು ಹಿಡಿದು, ಪೆಟ್ಟಿಗೆಯ ಹತ್ತಿರ ಕಿವಿ ತಂದು, ಬಹಳ ಹೊತ್ತು ಕೇಳಿದರು. ಆಮೇಲೆ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟು, ನನ್ನ ಕೈ ಕುಲುಕಿ, ತುಂಬಾ ಅಚ್ಚುಕಟ್ಟಾಗಿದೆ ಎಂದು ಇಂಗ್ಲಿಷಿನಲ್ಲಿ ಹೇಳಿ, ಹೊರಗೆ ಹೋಗಿ ಮೆಟ್ಟಿಲ ಮೇಲೆ ರಸ್ತೆ ನೋಡುತ್ತ ಕುಳಿತರು.

ಹುಡುಗಿ ಹಿಂದೆಯೇ ಹೋಗಿ ಮಾತಾಡಿಸಿ, ಕಣ್ಣು ಕೆಂಪು ಮಾಡಿಕೊಂಡು ಒಳಗೆ ಬಂದಳು.

"ಮಾಸ್ತರ್ರೆ, ಎಂತ ಮಾಡಿದ್ರಿ ನೀವು? ಮುಟ್ಬೇಡಿ ಅಂತ ಹೇಳಿದ್ನಲ್ಲ?"

"ಶ್ರುತಿ ಸೇರ್ಸಿದೆ. ಅಷ್ಟೂ ಅಪಸ್ವರ ಆಗಿತ್ತಲ್ಲ ಮಗಾ."

"ಅಪಸ್ವರ ಅಲ್ಲ! ಅದು ಹಾಂಗೇ ಇರೂದು!" ಅವಳು ಕುರ್ಚಿಯ ಮೇಲೆ ಕುಸಿದಳು. "ಅತ್ತೆ ಪಿಟೀಲು ನುಡಿಸ್ತಿದ್ರು. ಊರಲ್ಲಿ ಎಲ್ಲೇ ಕುಣಿತ ಇದ್ರೂ ಇಬ್ರೂ ಒಟ್ಟಿಗೆ ಕೂತ್ಕಂಡು ಒಂದೇ ಮಟ್ಟು ನುಡ್ಸೂದು. ಅವ್ರು ಹೋದ್ಮೇಲೆ ಮಾವ ಇದನ್ನ ಮುಟ್ಟಿರ್ಲಿಲ್ಲ. ಆಮೇಲೆ ಅಲ್ಲಿ ಒಬ್ರ ಹತ್ರ ಹೋಗಿ, ಎರಡೆರಡು ರೀಡನ್ನ ಸ್ವಲ್ಪ ದೂರ ಮಾಡ್ಸಿದ್ರು. ಇಬ್ರು ನುಡಿಸ್ದಂಗೆ ಕೇಳ್ಲಿ ಅಂತ. ಈಗ ಒಬ್ನೇ ಕೂತಿದ್ದಂಗೆ ಕೇಳ್ತದೆ ಅಂತಾರೆ. ಶನಿವಾರ ನುಡ್ಸೂದಿಲ್ಲ ಅಂತಾರೆ."

ನನಗೆ ನೆಲ ಬಿರಿಯಬಾರದೇ ಅನಿಸಿತು. ಜೊತೆಗೆ ಸಿಟ್ಟೂ ಬಂತು, ಅದನ್ನೂ ಹೇಳಿಬಿಡುತ್ತೇನೆ. ಬೇಕೆಂದೇ ಸ್ವರ ಕೆಡಿಸಿಕೊಂಡು ತಿರುಗುವವರು ಅದನ್ನು ಬಾಯಿಬಿಟ್ಟು ಹೇಳಬೇಡವೇ? ಆದರೆ ಮುಟ್ಟಬೇಡಿ ಎಂದು ಅವರು ಹೇಳಿದ್ದರು. ಆತು ಎಂದು ನಾನೂ ಒಪ್ಪಿದ್ದೆ. ಪೆಟ್ಟಿಗೆ ಇಲ್ಲೇ ಇರಲಿ, ನಾಳೆವರೆಗೆ ಸಮಯ ಕೊಡು ಎಂದೆ. ಏನು ಮಾಡುತ್ತೇನೆಂದು ನನಗೇ ಗೊತ್ತಿರಲಿಲ್ಲ. ಮುದುಕರು ಕಾರು ಹತ್ತುವಾಗ ಹಿಂತಿರುಗಿಯೂ ನೋಡಲಿಲ್ಲ.

ಅದೇ ಮಧ್ಯಾಹ್ನ ಭಟ್ಕಳದಾಚೆಯ ಬೆಳಕೆ ಊರಿಗೆ ಹೋಗುವುದೆಂದು ಮೊದಲೇ ಒಪ್ಪಿಕೊಂಡಿದ್ದೆ, ಅಲ್ಲಿಯ ಭಜನಾ ಮಂದಿರದ ಹಾರ್ಮೋನಿಯಂ ನೋಡಲಿಕ್ಕೆ. ತಪ್ಪಿಸುವಂತಿರಲಿಲ್ಲ. ಬಸ್ಸಿನಲ್ಲಿ ಕೂತರೆ ಕೂರಲಾಗದು, ನಿಂತರೆ ನಿಲ್ಲಲಾಗದು. ಹಳದೀಪುರ ದಾಟುವಾಗ ಇಳಿದು ವಾಪಸ್ ಹೋಗಲೇ ಅನಿಸಿತು. ಹೊನ್ನಾವರದ ಸೇತುವೆಯ ಮೇಲೆ, ಈಗ ಈ ಊರಿನ ಯಾವುದೋ ಮನೆಯಲ್ಲಿ ಮುದುಕರು ಸುಮ್ಮನೆ ಕೂತಿರಬಹುದು ಎಂದು ನೆನಪಾಗಿ ಕಿಟಕಿಯಿಂದ ಮುಖ ತಿರುಗಿಸಿದೆ. ಭಟ್ಕಳದಲ್ಲಿ ಬಸ್ಸು ಬದಲಿಸುವಾಗ ಕೊಡೆ ಮರೆತೆ.

ಬೆಳಕೆಯ ಪೆಟ್ಟಿಗೆಗೆ ದೊಡ್ಡ ರೋಗವೇನಿರಲಿಲ್ಲ. ಕೆಲಸ ಮುಗಿಸಿ ಏಳುವಷ್ಟರಲ್ಲಿ ಸಂಜೆಯ ಭಜನೆಯವರು ಬಂದು, ಕೇಳಿಕೊಂಡೇ ಹೋಗಿ ಎಂದು ಕೂರಿಸಿದರು. ಅಲ್ಲಿ ಇಬ್ಬರು ವಯಸ್ಸಾದ ಹೆಂಗಸರು ಸಾಲು ಹೇಳಿಕೊಡುತ್ತಾರೆ, ಅತ್ತಿಗೆ ಮತ್ತು ನಾದಿನಿ. ವರ್ಷಗಳಿಂದ ಕೇಳಿದ್ದೇನೆ, ಪ್ರತಿಸಲವೂ ಹಲ್ಲು ಕಚ್ಚಿಕೊಂಡು. ಇಬ್ಬರದೂ ಗಟ್ಟಿ ಗಂಟಲು, ಇಬ್ಬರೂ ಒಂದೇ ಸ್ವರಕ್ಕೆ ಬಂದದ್ದು ಮಾತ್ರ ಇಲ್ಲ. ಅವತ್ತೂ ಹಾಗೆಯೇ ಶುರುವಾಯಿತು. ನಾನು ಮಾತ್ರ ಹಲ್ಲು ಕಚ್ಚಲು ಮರೆತೆ. ಅವರಿಬ್ಬರ ನಡುವೆ ಎದ್ದ ಆ ಅಲೆ ಮಂದಿರದ ಮೂಲೆ ಮೂಲೆಗೂ ಹೋಗುತ್ತಿತ್ತು. ನಡುವೆ ನಾದಿನಿ ಕೆಮ್ಮು ಬಂದು ನಿಲ್ಲಿಸಿದಳು. ಅತ್ತಿಗೆ ಒಬ್ಬಳೇ ಹಾಡಿದಳು, ಸ್ವರ ಶುದ್ಧವಾಗಿಯೇ ಇತ್ತು. ಮಂದಿರ ಖಾಲಿಯಾದಂತೆ ಕೇಳಿಸಿತು.

ಮುಗಿದ ಮೇಲೆ ತಡೆಯಲಾರದೆ ಕೇಳಿದೆ, "ನಿಮ್ಮಿಬ್ರದ್ದು ಒಂದೇ ಸ್ವರಕ್ಕೆ ಬರೂದಿಲ್ವಲ್ರಾ, ಎಂತಕ್ಕೆ?"

"ಇವ್ಳು ಮೇಲೆ ಎಳೀತಾಳೆ, ನಾ ಎಂತ ಮಾಡ್ಲಿ?" ಎಂದಳು ಅತ್ತಿಗೆ.

"ನಾ ಎಲ್ಲಿ ಎಳೀತೆ? ಅವ್ಳೇ ಕೆಳಗೆ ಇಳೀತಾಳೆ!" ಎಂದಳು ನಾದಿನಿ.

ಇಬ್ಬರೂ ಜಗಳಕ್ಕೆ ನಿಂತರು. ನಾನು ಪ್ರಸಾದ ತೆಗೆದುಕೊಂಡು ಬಸ್ಸಿಗೆ ಓಡಿದೆ. ದಾರಿಯಲ್ಲೇ ಹುಡುಗಿಗೆ ಫೋನ್ ಮಾಡಿ, "ನಾಳೆ ಮಾವನ್ನ ನನ್ನಲ್ಲಿಗೆ ಕಳ್ಸು ಮಗಾ. ಅವ್ರು ಪಕ್ಕದಲ್ಲಿ ಕೂರದೆ ಇದು ಆಗೂದಲ್ಲ" ಎಂದೆ. ಅವಳು ಹೂಂ ಎಂದಳು.

ಶುಕ್ರವಾರ ಅವರು ಬರುವವರೆಗೆ ಕಾಯುವ ತಾಳ್ಮೆ ನನಗೆಲ್ಲಿಂದ ಬರಬೇಕು? ಬೆಳಕು ಹರಿಯುತ್ತಲೇ ಕುಳಿತೆ. ಕೆಳಗಿಳಿಸಿದ ರೀಡನ್ನು ಮತ್ತೆ ಮೇಲೇರಿಸಿದರಾಯಿತು, ಬುಡ ಕೆರೆದದ್ದಕ್ಕೆ ಈಗ ತುದಿ ಕೆರೆಯುವುದು ಎಂಬ ಲೆಕ್ಕಾಚಾರ. ಮೇಲಿನ ಸ್ವರಗಳಲ್ಲೊಂದನ್ನು, ತಿದಿ ಎಳೆದಾಗ ನುಡಿಯುವ ಸಣ್ಣ ರೀಡನ್ನು, ಮೊದಲು ಹಿಡಿದೆ. ಬೆಂಕಿಕಡ್ಡಿಗಿಂತ ಗಿಡ್ಡ. ಬುಡ ಆಗಲೇ ತೆಳುವಾಗಿತ್ತು. ತುದಿಗೆ ಅರ ತಾಗಿಸಿ ಮೂರು ನಾಲ್ಕು ಸಲ ಎಳೆದು, ಗಾಳಿ ಕೊಟ್ಟೆ. ಟಿಕ್ ಎಂದಿತು. ನಾಲಗೆ ಬುಡದಲ್ಲೇ ಮುರಿದು ಮೇಜಿನ ಮೇಲೆ ಬಿತ್ತು.

ಇಂಥ ಉಕ್ಕಿನ ರೀಡು ನಮ್ಮ ಕಡೆ ಸಿಗುವುದಿಲ್ಲ. ಹಾರ್ಮೋನಿಯಮ್ಮಿನ ಹಿತ್ತಾಳೆಯದೊಂದನ್ನು ಕತ್ತರಿಸಿ ಕೂರಿಸಿ ನೋಡಿದೆ. ತಡವಾಗಿ ಬಾಯಿ ಬಿಟ್ಟು, ಮೂಗಿನಲ್ಲಿ ನುಡಿಯಿತು. ಕಿತ್ತು ತೆಗೆದೆ. ಹುಡುಗಿಯ ಚಿಕ್ಕಪ್ಪ ಕಾರಿನಲ್ಲಿ ಮುದುಕರನ್ನು ತಂದು ಬಿಟ್ಟಾಗ ನಾನು ತಲೆಯ ಮೇಲೆ ಕೈಹೊತ್ತು ಕೂತಿದ್ದೆ. ಚಿಕ್ಕಪ್ಪ ಒಳಗೆ ಕಾಲಿಡದೆ, "ಸಂಜೆಗೆ ರೋಸ್ ಇದೆ, ಅಷ್ಟ್ರೊಳಗೆ ಬಿಟ್ಬಿಡ್ರಾ" ಎಂದು ಹೇಳಿ ಹೋದರು. ಮದುವೆಯ ಹಿಂದಿನ ದಿನ ವಧೂವರರಿಗೆ ತೆಂಗಿನ ಹಾಲು ಹಚ್ಚುವ ಶಾಸ್ತ್ರ ಅದು. ವರನ ತಂದೆ ಇರಲೇಬೇಕು.

ಮುರಿದ ರೀಡನ್ನು ಅಂಗೈಯಲ್ಲಿಟ್ಟು ತೋರಿಸಿದೆ. ನನ್ನ ಇಂಗ್ಲಿಷು ಅಂಗಡಿಯ ಇಂಗ್ಲಿಷು. ಹೇಳಬೇಕಾದ್ದೆಲ್ಲ ಎರಡೇ ಪದದಲ್ಲಿ ಮುಗಿಯಿತು. ಅವರು ಆ ಚೂರನ್ನು ನೋಡಿ, ಅಂಗಿಯ ಜೇಬಿಗೆ ಹಾಕಿಕೊಂಡರು. ಬಯ್ದಿದ್ದರೆ ಹಗುರಾಗುತ್ತಿತ್ತು. ಬಯ್ಯಲಿಲ್ಲ. ಸ್ಟೂಲು ಎಳೆದುಕೊಂಡು, ಈಗೇನು ಎಂಬಂತೆ ನನ್ನ ಮುಖ ನೋಡಿದರು.

ಉಳಿದ ರೀಡುಗಳನ್ನೂ ಹೀಗೇ ಕೆರೆದರೆ ಇನ್ನಷ್ಟು ಮುರಿಯುವುದು ಖಂಡಿತ. ಸುಮ್ಮನೆ ಬಿಟ್ಟರೆ ಅವರು ನುಡಿಸುವುದಿಲ್ಲ. ಮೇಜಿನ ಸುತ್ತ ಒಂದು ಸುತ್ತು ಹಾಕಿದೆ, ಬಾಗಿಲವರೆಗೆ ಹೋಗಿ ಬಂದೆ. ಆಗ ಆ ಇಬ್ಬರು ಹೆಂಗಸರ ಜಗಳ ನೆನಪಾಯಿತು. ಒಬ್ಬಳು ಮೇಲೆ ಎಳೆದರೇನು, ಇನ್ನೊಬ್ಬಳು ಕೆಳಗೆ ಇಳಿದರೇನು? ನಡುವಿನ ಅಂತರ ಅಷ್ಟೇ. ನಾನು ಕೈಯಾಡಿಸಿ ಸೊರಗಿಸಿದ ಎರಡನೆಯ ರೀಡನ್ನು ಅದರ ಪಾಡಿಗೆ ಬಿಟ್ಟು, ಇನ್ನೂ ಗಟ್ಟಿಯಾಗಿರುವ ಮೊದಲನೆಯದನ್ನು ಕೆಳಗಿಳಿಸಬಹುದು. ಅದಕ್ಕೆ ಕೆರೆಯಬೇಕೆಂದೂ ಇಲ್ಲ. ತುದಿಗೆ ಸೋಲ್ಡರಿನ ಒಂದು ಹನಿ ಹಾಕಿದರೆ ಭಾರಕ್ಕೆ ಸ್ವರ ಇಳಿಯುತ್ತದೆ. ಬೇಡವೆಂದರೆ ಆ ಹನಿಯನ್ನು ನಾಳೆ ತೆಗೆಯಬಹುದು. ಕೆರೆದ ಉಕ್ಕನ್ನು ಮರಳಿ ಹಾಕಲು ಯಾರಿಂದಲೂ ಆಗದು.

ಆದರೆ ಹಾಗೆ ಮಾಡಿದರೆ ಎರಡೂ ರೀಡು ಕೂಡಿದ ಸ್ವರ ಸರಿಯಾದ ಜಾಗದಲ್ಲಿ ನಿಲ್ಲುವುದಿಲ್ಲ. ಪೆಟ್ಟಿಗೆ ಒಟ್ಟಿನಲ್ಲಿ ತುಸು ಕೆಳಗಾಗುತ್ತದೆ, ಇನ್ನಾವ ವಾದ್ಯದ ಜೊತೆಗೂ ಸೇರದು. ಬೇಕೆಂದೇ, ನನ್ನ ಕೈಯಾರೆ, ಶ್ರುತಿಗೆ ಹೊಂದದ ಪೆಟ್ಟಿಗೆಯೊಂದನ್ನು ಹೊರಗೆ ಕಳಿಸುವುದು. ಮೈಯೆಲ್ಲ ಪರಚಿಕೊಳ್ಳುವಂತಾಯಿತು. ಶ್ರುತಿ ತೋರಿಸುವ ಮೀಟರು ಮೇಜಿನ ಮೇಲೆ ಕೆಂಪು ದೀಪ ಮಿಟುಕಿಸುತ್ತಿತ್ತು. ಅದನ್ನು ಆರಿಸಿ ಡ್ರಾಯರಿಗೆ ಹಾಕಿದೆ.

ಎಲ್ಲ ರೀಡುಗಳಿಗೂ ಸಮಯವಿರಲಿಲ್ಲ. ಆ ಒಂದು ಮಟ್ಟು ನುಡಿಸಲು ಬೇಕಾದವು ಸಾಕು ಎಂದು ಸನ್ನೆ ಮಾಡಿದೆ. ಯಾವುವೆಂದು ತಿಳಿಯಲು ಅವರು ಅದನ್ನು ನುಡಿಸಲೇಬೇಕಾಯಿತು. ಒಲ್ಲದ ಮನಸ್ಸಿನಿಂದ, ಮೆಲ್ಲಗೆ ನುಡಿಸಿದರು. ನಾನು ಗುಂಡಿಗಳಿಗೆ ಸೀಮೆಸುಣ್ಣದ ಚುಕ್ಕೆ ಇಟ್ಟೆ. ಮುರಿದ ರೀಡಿನ ಗುಂಡಿಯೂ ಅದರಲ್ಲಿತ್ತು, ಮಟ್ಟಿನ ಎರಡನೆಯ ಭಾಗ ಏರುವ ಕಡೆ. ಅಲ್ಲಿ ಒಂದೇ ರೀಡು ನುಡಿಯಬೇಕು, ಬೇರೆ ದಾರಿಯಿಲ್ಲ.

ಒಂದೊಂದೇ ತಗಡನ್ನು ಮೇಣದಿಂದ ಬಿಡಿಸಿ, ರೀಡಿನಡಿ ತೆಳು ತಗಡಿನ ಆಸರೆ ಕೊಟ್ಟು, ಸಾಸಿವೆಯ ಚೂರಿನಷ್ಟು ಸೋಲ್ಡರ್ ತಾಗಿಸಿ, ಮರಳಿ ಕೂರಿಸಿ, ಗಾಳಿ ಕೊಡುವುದು. ಅಲೆ ಎಷ್ಟು ಬೇಗ ಬರಬೇಕೆಂದು ಮುದುಕರು ಮೇಜಿನ ಮೇಲೆ ಬೆರಳಿನಿಂದ ತಟ್ಟಿ ತೋರಿಸುತ್ತಿದ್ದರು. ಕೆಳಗಿನ ಸ್ವರಗಳಿಗೆ ನಿಧಾನ, ಮೇಲೆ ಹೋದಂತೆ ಚುರುಕು. ಹೆಚ್ಚಾದರೆ ಮುಖ ಕಿವುಚುವರು. ಹನಿಯನ್ನು ಕೆರೆದು ಸಣ್ಣದು ಮಾಡುತ್ತಿದ್ದೆ. ಹದಕ್ಕೆ ಬಂದಾಗ ತಲೆಯಾಡಿಸದೆ, ತಟ್ಟುತ್ತಿದ್ದ ಬೆರಳು ನಿಲ್ಲಿಸಿ ಕೇಳುತ್ತ ಕೂರುವರು. ನಾಲ್ಕೈದು ಸ್ವರ ಮುಗಿಯುವಷ್ಟರಲ್ಲಿ ನನಗೂ ಆ ಹದ ಸಿಕ್ಕಿತು.

ಮೇಣ ಆರುವ ಹೊತ್ತಿನಲ್ಲಿ ಮಾತಾಡಿದೆವು. ಅವರ ಮಾತು ನನಗೆ ಅರ್ಧ ತಿಳಿಯಿತು, ಉಳಿದರ್ಧವನ್ನು ನುಡಿಸಿ ತಿಳಿಸಿದರು. ಇದೇ ಏನು ಕೆಲ್ಟಿಕ್ ಅನ್ನುವುದು ಎಂದು ಕೇಳಿದ್ದಕ್ಕೆ ನಕ್ಕುಬಿಟ್ಟರು. ಅದು ಅಂಗಡಿಯವರು ಹಚ್ಚಿದ ಚೀಟಿ, ನಾವು ಬರೀ ಮಟ್ಟು ಅನ್ನುತ್ತೇವೆ ಎಂದರು. ಹಾಗಾದರೆ ಆ ರುಚಿ ಎಲ್ಲಿಂದ ಬರುತ್ತದೆ ಎಂದೆ. ಒಂದು ಸ್ವರವನ್ನು ಸಪಾಟಾಗಿ ಹಿಡಿದು ತೋರಿಸಿದರು. ಮತ್ತೆ ಅದೇ ಸ್ವರ, ಈ ಸಲ ಮೇಲಿನ ಗುಂಡಿಗೊಂದು ಬೆರಳು ಮಿಂಚಿ ಹೋಯಿತು. ಕೇಳಿಸಿತೋ ಇಲ್ಲವೋ ಎಂಬಷ್ಟು ಚಿಕ್ಕದು, ಆದರೆ ಸ್ವರ ಎದ್ದು ಕೂತಿತು. ನಮ್ಮವರು ಸ್ವರದಿಂದ ಸ್ವರಕ್ಕೆ ಜಾರುತ್ತಾರೆ. ಇವರು ಜಾರುವುದಿಲ್ಲ, ಚಿವುಟುತ್ತಾರೆ. ನಿಷಾದ ಕೋಮಲ, ಗಾಂಧಾರ ಶುದ್ಧ, ನಮ್ಮ ಖಮಾಜ್ ರಾಗದ ನೆರೆಮನೆ. ತಿದಿ ದೂಡುವುದು ಎಳೆಯುವುದು ಸ್ವರಕ್ಕೊಮ್ಮೆ ಬದಲಾಗಬೇಕಾದ್ದರಿಂದ ನಡೆಗೆ ತಾನಾಗಿಯೇ ಒಂದು ಏದುಸಿರು ಬರುತ್ತದೆ, ಗುಡ್ಡ ಹತ್ತುತ್ತ ಮಾತಾಡುವವರ ಹಾಗೆ. ಇಷ್ಟೂ ನನಗೆ ಹಿಡಿಸಿತು. ಹಿಡಿಸದ್ದು ಒಂದು. ಆ ಮಟ್ಟು ಷಡ್ಜಕ್ಕೆ ಬಂದು ಮುಗಿಯುವುದೇ ಇಲ್ಲ. ಇನ್ನೇನು ಬಂತು ಅನ್ನುವಾಗ ಪಕ್ಕದ ಸ್ವರದಲ್ಲಿ ಕಾಲಿಟ್ಟು ಮತ್ತೆ ಮೊದಲಿಗೆ ಹೋಗುತ್ತದೆ.

"ಇದು ಮನೆಗೆ ಹೋಗುವುದು ಯಾವಾಗ?" ಎಂದೆ.

"ಕುಣಿಯುವವರಿಗೆ ಸುಸ್ತಾದಾಗ" ಎಂದರು.

ಮಧ್ಯಾಹ್ನ ಹೆಂಡತಿ ಇಬ್ಬರಿಗೂ ಗಂಜಿ, ಒಣಮೀನಿನ ಚಟ್ನಿ ತಂದಿಟ್ಟಳು. ಮುದುಕರು ಖಾರಕ್ಕೆ ಕಣ್ಣೀರಿಡುತ್ತ ಎಲ್ಲವನ್ನೂ ತಿಂದರು. ನಾನು ಕೆಡಿಸಿದ ಸ್ವರಗಳನ್ನು ಅವಳು ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ಕೇಳಿ, "ಇದನ್ನ ಸೈಸ್ಕಂಡ್ರಿ ಅಂದ್ಮೇಲೆ ನಮ್ಮನೆ ಫ್ಯಾನು ಎಂತ ಪಾಪ ಮಾಡಿತ್ತು?" ಎಂದು ಕೇಳಿ ಒಳಗೆ ಹೋದಳು.

ಕೊನೆಯ ತಗಡು ಕೂತಾಗ ಹೊರಗೆ ಕಾರು ಬಂದು ಹಾರ್ನ್ ಹೊಡೆಯುತ್ತಿತ್ತು. ಪೂರ್ತಿ ಮಟ್ಟನ್ನು ಒಮ್ಮೆ ನುಡಿಸಿ ನೋಡಲೂ ಆಗಲಿಲ್ಲ. ಮುದುಕರು ಪೆಟ್ಟಿಗೆಯನ್ನು ಡಿಕ್ಕಿಗೆ ಕೊಡದೆ ತೊಡೆಯ ಮೇಲಿಟ್ಟುಕೊಂಡು ಕೂತರು. ನುಡಿಸುತ್ತೇನೆ ಎನ್ನಲಿಲ್ಲ, ನುಡಿಸುವುದಿಲ್ಲ ಎನ್ನಲೂ ಇಲ್ಲ.

ಶನಿವಾರ ಯಾರೂ ಕರೆಯದಿದ್ದರೂ ನಾನು ಹೋಗುವವನೇ. ಹುಡುಗಿ ಕರೆದೂ ಇದ್ದಳು. ಸಭಾಗೃಹದಲ್ಲಿ ಬ್ಯಾಂಡಿನವರ ಅಬ್ಬರ, ಕೊಂಕಣಿ ಹಾಡು, ಮಕ್ಕಳ ಓಡಾಟ. ನಾನು ಐಸ್‌ಕ್ರೀಮಿನ ಮೇಜಿನ ಹಿಂದೆ ನಿಂತೆ. ಒಂದು ಕಪ್ ತೆಗೆದುಕೊಂಡೆ, ಅದು ಕೈಯಲ್ಲೇ ಕರಗಿತು. ಮೇಣ ನಿಲ್ಲುವುದೇ, ಯಾವುದಾದರೂ ಹನಿ ಕಳಚಿ ಒಳಗೆ ಗಿಲಿಗಿಲಿ ಅನ್ನುವುದೇ, ಅಥವಾ ಮುದುಕರು ಏಳುವುದೇ ಇಲ್ಲವೇ?

ಎದ್ದರು. ಕೋಟು ತೆಗೆದಿಟ್ಟು, ಅಂಗಿಯ ತೋಳು ಮಡಚಿ, ವೇದಿಕೆಯ ಕೆಳಗೆ ಎರಡು ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಒಂದರಲ್ಲಿ ಕೂತರು. ಮೊದಲ ಸುತ್ತು ನುಡಿಸುವಾಗ ಬ್ಯಾಂಡಿನ ಕೀಬೋರ್ಡಿನವನು ಉತ್ಸಾಹದಿಂದ ಜೊತೆಗೂಡಲು ನೋಡಿದ. ಕೂಡಲಿಲ್ಲ. ಎರಡು ಸಲ ಸ್ವರ ಬದಲಿಸಿ ನೋಡಿ, ತಪ್ಪು ತನ್ನದೇ ಎಂದುಕೊಂಡು ಕೈ ತೆಗೆದ. ನಾನು ಕಂಬದ ಮರೆಗೆ ಸರಿದೆ.

ಆಮೇಲೆ ಪೆಟ್ಟಿಗೆ ಒಂದೇ ಉಳಿಯಿತು. ಒಂದೇ ಎಂದು ಹೇಗೆ ಹೇಳಲಿ? ಕಣ್ಣು ಮುಚ್ಚಿದರೆ ಇಬ್ಬರು ಪಕ್ಕಪಕ್ಕ ಕೂತು, ಒಬ್ಬರ ಮೊಣಕೈ ಇನ್ನೊಬ್ಬರಿಗೆ ತಾಗುವಷ್ಟು ಹತ್ತಿರದಲ್ಲಿ ನುಡಿಸುತ್ತಿದ್ದರು. ಮದುಮಗ ಮೊದಲು ತಂದೆಯನ್ನೇ ನೋಡುತ್ತ ನಿಂತುಬಿಟ್ಟ. ಹುಡುಗಿ ಅವನ ಕೈ ಹಿಡಿದೆಳೆದಳು. ಎರಡನೆಯ ಸುತ್ತಿಗೆ ಚಿಕ್ಕಪ್ಪ ಚಿಕ್ಕಮ್ಮ ಇಳಿದರು, ಮೂರನೆಯದಕ್ಕೆ ಅರ್ಧ ಸಭೆ. ಹೇಗೆ ಕುಣಿಯಬೇಕೆಂದು ಅವರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಮಟ್ಟು ಮುಗಿಯಲೊಲ್ಲದು, ಜನ ಕೂರಲೊಲ್ಲರು. ನನ್ನ ಕಾಲೂ ನೆಲ ತಟ್ಟುತ್ತಿತ್ತು, ಆದರೆ ಎದೆ ಪ್ರತಿ ಸುತ್ತಿನಲ್ಲೂ ಒಂದು ಜಾಗಕ್ಕೆ ಕಾದು ಕೂತಿತ್ತು. ಎರಡನೆಯ ಭಾಗ ಏರುವ ಆ ಕಡೆ ಬಂದಾಗ ಅಲೆ ತಟ್ಟನೆ ನಿಲ್ಲುತ್ತಿತ್ತು. ಒಂದೇ ರೀಡು, ಒಬ್ಬರೇ. ಮತ್ತೆ ಮುಂದಿನ ಸ್ವರಕ್ಕೆ ಇಬ್ಬರು. ಉಳಿದವರಿಗೆ ತಿಳಿಯಿತೋ ಇಲ್ಲವೋ, ನನಗೆ ಪ್ರತಿಸಲ ಮುಳ್ಳು ಚುಚ್ಚಿದಂತಾಗುತ್ತಿತ್ತು.

ಜನ ಊಟಕ್ಕೆ ಎದ್ದ ಮೇಲೆ ಅವರ ಹತ್ತಿರ ಹೋದೆ. ಅಂಗಿ ಬೆವರಿನಲ್ಲಿ ತೊಯ್ದಿತ್ತು. ಪೆಟ್ಟಿಗೆ ಇನ್ನೂ ಎದೆಯ ಮೇಲಿತ್ತು. ಆ ಗುಂಡಿಯನ್ನು ತೋರಿಸಿ, ನನ್ನ ಅಂಗಡಿಯ ಇಂಗ್ಲಿಷಿನಲ್ಲಿ, ಕ್ಷಮಿಸಿ, ನಿಮ್ಮ ಊರಿನಿಂದ ಆ ರೀಡು ಕಳಿಸಿಕೊಡಿ, ಮುಂದಿನ ಸಲ ಬಂದಾಗ ಕೂರಿಸಿಕೊಡುತ್ತೇನೆ ಎಂದೆ.

"ಬೇಡ" ಎಂದರು. "ಅಲ್ಲಿಗೆ ಬಂದಾಗ ನನ್ನವಳು ಪ್ರತಿಸಲ ತಪ್ಪುತ್ತಿದ್ದಳು. ಆ ಒಂದು ಸ್ವರ ಬಿಟ್ಟು ಮುಂದಿನದಕ್ಕೆ ಹಾರುತ್ತಿದ್ದಳು. ಜೀವಮಾನವಿಡೀ ಜಗಳ ಆಡಿದ್ದೇವೆ ಅದಕ್ಕೆ."

ನಿಜವೋ, ನನ್ನ ಮುಖ ನೋಡಿ ಹೇಳಿದ್ದೋ ನನಗೆ ಇವತ್ತಿಗೂ ಗೊತ್ತಿಲ್ಲ. ಅವರು ಆ ಗುಂಡಿಯ ಮೇಲೆ ಬೆರಳಿಟ್ಟು ತಿದಿಯನ್ನು ಎಳೆದರು. ಒಂಟಿ ಸ್ವರ, ನೆಟ್ಟಗೆ, ಒಂದಿಷ್ಟೂ ಅಲುಗದೆ, ತಿದಿಯಲ್ಲಿ ಗಾಳಿ ಇರುವಷ್ಟು ಹೊತ್ತು ನಿಂತಿತು. ಆಮೇಲೆ ಪಕ್ಕದ ಖಾಲಿ ಕುರ್ಚಿಯ ಕಡೆ ತಿರುಗಿ, ತಮ್ಮ ಭಾಷೆಯಲ್ಲಿ ಏನೋ ಬಯ್ದು ನಕ್ಕರು.